ಮೂಳೆ, ಪೇಸ್ಟು ಮತ್ತು ನಮ್ಮ ಮನೆ ಗುಂಪು

ಶಾರದತ್ತೆ: (ಫಾರ್ವರ್ಡ್) ನಾಯಿ ಬೆಕ್ಕು ಸಾಕಿದವರೇ ಎಚ್ಚರ! ಹಲ್ಲು ಕ್ಲೀನ್ ಹೆಸರಲ್ಲಿ ಸುಲಿಗೆ. ದಿನಾ ಒಂದು ಮೂಳೆ ಹಾಕಿ, ಇಲ್ಲವೇ ನಿಮ್ಮ ಪೇಸ್ಟಿನಲ್ಲೇ ಉಜ್ಜಿ. ಎಲ್ಲರಿಗೂ ಕಳಿಸಿ 🙏

ಶಾರದತ್ತೆ: ನೋಡಮ್ಮ ಸುಮಾ, ಬೆಕ್ಕಿಗೆ ಅಷ್ಟು ದುಡ್ಡು ಸುರಿಯಬೇಡ ಅಂತ ಅವತ್ತೇ ಹೇಳಿದ್ದೆ.

ಗಿರೀಶ: ಇದನ್ನು ಬರೆದವರು ಯಾರು ಅತ್ತೆ? ಡಾಕ್ಟರಾ?

ಶಾರದತ್ತೆ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಹೆಣ್ಣು ನೋಡೋಕೆ ಹೋದಾಗಲೂ ಹೀಗೇ ಮಾಡಿದೆ.

ದೊಡ್ಡಪ್ಪ: ಈಗಿನವರಿಗೆ ಪ್ರಾಣಿ ಹಲ್ಲಿನ ಚಿಂತೆ. ಅಮ್ಮನ ಹಲ್ಲಿನ ಸೆಟ್ ಸಡಿಲವಾಗಿ ತಿಂಗಳುಗಟ್ಟಲೆ ಗಂಜಿ ಕುಡಿದಳು. ಯಾರು ಕೇಳಿದರು?

ಶಾರದತ್ತೆ: ಅಣ್ಣಾ, ಆಗ ಅಮ್ಮ ಇದ್ದಿದ್ದು ನಿಮ್ಮ ಮನೆಯಲ್ಲೇ ಅಲ್ವಾ?

ಸುಮಾ: ದಯವಿಟ್ಟು ಯಾರೂ ನಮ್ಮ ಪೇಸ್ಟ್ ಹಚ್ಚಬೇಡಿ. ಕೆಲವು ಪೇಸ್ಟಿನಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಅದು ಹೊಟ್ಟೆಗೆ ಹೋದರೆ ರಕ್ತದ ಸಕ್ಕರೆ ದಿಢೀರ್ ಅಂತ ಇಳಿಯುತ್ತದೆ, ಲಿವರ್ ಕೂಡ ಕೆಡಬಹುದು. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಪ್ರಾಣಿಗಳಿಗೆಂದೇ ಬೇರೆ ಪೇಸ್ಟ್ ಸಿಗುತ್ತದೆ.

ಮಂಜಣ್ಣ: ನಮ್ಮ ಕರಿಯನಿಗೆ ಯಾರು ಉಜ್ಜಿದ್ದರು? ಮುದ್ದೆ, ಬಾಡೂಟದ ಮೂಳೆ ತಿಂದು ಹುಲಿ ಥರ ಇದ್ದ. ಕೊಟ್ಟಿಗೆ ಬಾಗಿಲಲ್ಲಿ ಅವನು, ಜಗುಲಿ ಮೇಲೆ ನಾವು. ಎಂಥಾ ಬೇಸಿಗೆ ರಜೆ!

ಸುಮಾ: ಮಂಜಣ್ಣ, ಕೊನೆಕೊನೆಗೆ ಕರಿಯ ಮುದ್ದೆಯನ್ನೂ ಒಂದೇ ದವಡೆಯಲ್ಲಿ ತಿನ್ನುತ್ತಿದ್ದ, ಜೊಲ್ಲು ಸುರಿಯುತ್ತಿತ್ತು. ವಯಸ್ಸಾಯಿತು ಅಂತ ಎಲ್ಲರೂ ಸುಮ್ನಾದೆವು. ನೋವಿದ್ದರೂ ಅವು ಕೂಗುವುದಿಲ್ಲ. ನಮ್ಮ ಚಿನ್ನಿ ಹಸಿದು ಬಟ್ಟಲ ಹತ್ತಿರ ಬಂದು, ಮೂಸಿ, ಹಿಂದೆ ಸರಿಯುತ್ತಿತ್ತು. ತುಟಿ ಎತ್ತಿ ನೋಡಿದರೆ ಒಸಡಿನ ಅಂಚಿಗೆ ಕೆಂಪು ಗೆರೆ, ಹಿಂದಿನ ಹಲ್ಲಿಗೆ ಹಳದಿ ಗಾರೆ.

ಗಿರೀಶ: ಕ್ಲೀನ್ ಮಾಡಲು ಅರಿವಳಿಕೆ ಬೇಕೇ ಬೇಕಾ?

ಸುಮಾ: ಹೌದು. ಕಾಯಿಲೆ ಇರುವುದು ಒಸಡಿನ ಕೆಳಗೆ. ಎಚ್ಚರವಿರುವ ಬೆಕ್ಕು ಅಲ್ಲಿ ಕೈಯಾಡಿಸಲು ಬಿಡುತ್ತಾ? ಅದಕ್ಕೇ ಖರ್ಚು ಜಾಸ್ತಿ. ದಿನಾ ಉಜ್ಜಿದರೆ ಆ ಹಂತಕ್ಕೆ ಹೋಗುವುದು ಕಡಿಮೆ. ಹಲ್ಲಿನ ಪಾಚಿ ಕೆಲವೇ ದಿನದಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್ಷಿಗೆ ಬರುವುದಿಲ್ಲ.

ಮಂಜಣ್ಣ: ನಾಯಿಗೆ ಹಲ್ಲು ಎಷ್ಟಿರುತ್ತವೆ?

ಸುಮಾ: ನಾಯಿಗೆ 42, ಬೆಕ್ಕಿಗೆ 30.

ದೊಡ್ಡಪ್ಪ: ಅಮ್ಮನಿಗೆ ಒಂದೂ ಇರಲಿಲ್ಲ.

ಶಾರದತ್ತೆ: ಮತ್ತೆ ಶುರು ಮಾಡಬೇಡಿ ಅಣ್ಣಾ. ಸುಮಾ, ನಾನು ಇದನ್ನು ಮಂಗಳಾಗೂ ಕಳಿಸಿಬಿಟ್ಟೆನಲ್ಲೇ. ಅವಳ ಮನೆ ನಾಯಿಗೆ ಬಾಯಿ ವಾಸನೆ ಅಂತಿದ್ದಳು.

ಸುಮಾ: ಈಗಲೇ ಫೋನ್ ಮಾಡಿ ಅತ್ತೆ. ಪೇಸ್ಟ್ ಮುಟ್ಟಿಸಬೇಡಿ, ಡಾಕ್ಟರಿಗೆ ತೋರಿಸಿ ಅನ್ನಿ.

ಶಾರದತ್ತೆ: ಎತ್ತುತ್ತಿಲ್ಲ. ಅಣ್ಣಾ, ನೀವು ಒಂದು ಸಲ ಮಾಡಿ.

ದೊಡ್ಡಪ್ಪ: ನಾನು ಮಾಡುವುದಿಲ್ಲ. ಗೃಹಪ್ರವೇಶದ ಕಾರ್ಡು ನಮಗೆ ಬಂದಿದ್ದು ಹಿಂದಿನ ದಿನ.