ಕೋಲ್ಕತ್ತಾದ ಟಿರೆಟ್ಟಾ ಬಜಾರ್‌ಗೆ ಅಮ್ಮನ ಜೊತೆ ಹೋಗಬಹುದಾ?

ಪ್ರಶ್ನೆ: ಮುಂದಿನ ತಿಂಗಳು ಕೋಲ್ಕತ್ತಾಗೆ ಹೋಗುತ್ತಿದ್ದೇವೆ. ಅಲ್ಲಿನ ಹಳೆ ಚೀನೀ ಕೇರಿ ಟಿರೆಟ್ಟಾ ಬಜಾರ್ ನೋಡಲೇಬೇಕು ಅಂತ ಆಸೆ. ಅಮ್ಮ ಸಸ್ಯಾಹಾರಿ. ಅವರಿಗೆ ತಿನ್ನಲು ಏನಾದರೂ ಸಿಗುತ್ತದಾ? ಇನ್ನೊಂದು ಚೀನೀ ಕೇರಿ ಟ್ಯಾಂಗ್ರಾ ಹತ್ತಿರವೇ ಅಲ್ವಾ?

ಉತ್ತರ 1: ಭಾನುವಾರ ಬೆಳಗ್ಗೆ ಆರಕ್ಕೆಲ್ಲ ಬಜಾರ್‌ನ ಪೋದ್ದಾರ್ ಕೋರ್ಟ್ ಕಟ್ಟಡದ ಹತ್ತಿರ ಇರಿ, ಚೀನೀ ತಿಂಡಿ ಮಾರುವುದು ಆಗಲೇ. ಅಷ್ಟು ಬೇಗ ಮೆಟ್ರೋ ಇರುವುದಿಲ್ಲ, ಟ್ಯಾಕ್ಸಿ ಹಿಡಿಯಿರಿ. ತಿಂಡಿಯಲ್ಲಿ ಹಂದಿ, ಕೋಳಿ, ಮೀನೇ ಜಾಸ್ತಿ. ಅಮ್ಮನಿಗೆ ಹೋಟೆಲಲ್ಲೇ ತಿಂಡಿ ಮಾಡಿಸಿ ಕರೆತನ್ನಿ. ಆಮೇಲೆ ಸೀ ಇಪ್ ಚರ್ಚ್ ತೋರಿಸಿ. ಹೆಸರು ಚರ್ಚ್ ಅಂತಿದ್ದರೂ ಅದು ಚೀನೀ ದೇವಸ್ಥಾನ.

ಉತ್ತರ 2: ಟ್ಯಾಂಗ್ರಾ ಬೇರೆ ದಿಕ್ಕು, ನಗರದ ಪೂರ್ವಕ್ಕಿದೆ. ಅಲ್ಲಿ ಹಕ್ಕಾ ಸಮುದಾಯದ ಚೀನೀಯರ ಚರ್ಮ ಹದ ಮಾಡುವ ಕಾರ್ಖಾನೆಗಳಿದ್ದವು. ಮಾಲಿನ್ಯದ ಕಾರಣಕ್ಕೆ 1996ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಸ್ಥಳಾಂತರಿಸಲು ಹೇಳಿತು. ಈಗ ರೆಸ್ಟೋರೆಂಟ್‌ಗಳೇ ಹೆಚ್ಚು. ಅಲ್ಲಿನ ಚೀನೀ ಕಾಳಿ ಗುಡಿಯಲ್ಲಿ ನೂಡಲ್ಸ್ ನೈವೇದ್ಯ ಮಾಡುತ್ತಾರೆ. ಅಮ್ಮನಿಗೆ ಖಂಡಿತ ಇಷ್ಟವಾಗುತ್ತದೆ.

ಒಂದು ಮಾತು. 1962ರ ಯುದ್ಧದ ಸಮಯದಲ್ಲಿ ಭಾರತದ ಸಾವಿರಾರು ಚೀನೀಯರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದ್ದರು. ಬಿಡುಗಡೆಯಾದ ಎಷ್ಟೋ ಜನ ಕೆನಡಾಗೆ ಹೋದರು. ಉಳಿದಿರುವವರು ನಮ್ಮವರೇ. ಸುಮ್ನೆ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಮೊದಲು ಕೇಳಿ.

ಪ್ರಶ್ನೆ ಕೇಳಿದವರು: ತುಂಬ ಥ್ಯಾಂಕ್ಸ್. ದೇವಳಿ ವಿಷಯ ಗೊತ್ತೇ ಇರಲಿಲ್ಲ. ಶನಿವಾರ ಟ್ಯಾಂಗ್ರಾ, ಭಾನುವಾರ ಬಜಾರ್ ಅಂತ ಇಟ್ಟುಕೊಳ್ಳುತ್ತೇವೆ.