ಸೋಗೋ ಕ್ಯಾಲೆಂಡರ್: ಬ್ರೌಸರ್‌ನಲ್ಲಿ ಬೆಳಿಗ್ಗೆ 6:30, ಫೋನಿನಲ್ಲಿ ಮಧ್ಯಾಹ್ನ 12

ಪ್ರಶ್ನೆ (ಶ್ರೀನಿವಾಸಪುರ, ಕೋಲಾರ ಜಿಲ್ಲೆ)

ನಮಸ್ಕಾರ. ನಮ್ಮದು ಮಾವು ಬೆಳೆಗಾರರ ಉತ್ಪಾದಕ ಕಂಪನಿ. ಇ-ಮೇಲ್, ಕ್ಯಾಲೆಂಡರ್, ವಿಳಾಸ ಪುಸ್ತಕ ಎಲ್ಲವೂ ಒಂದೇ ಕಡೆ ಸಿಗಲಿ ಎಂದು ಬಾಡಿಗೆ ಸರ್ವರ್‌ನಲ್ಲಿ ಸೋಗೋ ಹಾಕಿಸಿದ್ದೇವೆ. ಮೇಲ್‌ಗೆ ಯಾವ ತೊಂದರೆಯೂ ಇಲ್ಲ. ಕಚೇರಿಯಲ್ಲಿ ‘ತೋತಾಪುರಿ ಲೋಡಿಂಗ್, ಬೆಳಿಗ್ಗೆ 6:30’ ಎಂದು ನಮೂದಿಸಿದರೆ ಬ್ರೌಸರ್‌ನಲ್ಲಿ ಹಾಗೆಯೇ ಕಾಣುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಡಾವ್‌ಎಕ್ಸ್5 (ಸರ್ವರ್‌ನ ಕ್ಯಾಲೆಂಡರನ್ನು ಫೋನಿಗೆ ಹೊಂದಿಸುವ ಆ್ಯಪ್) ಮೂಲಕ ನೋಡುವ ತೋಟದವರಿಗೆ ಮಾತ್ರ ಮಧ್ಯಾಹ್ನ 12 ಗಂಟೆ ಎಂದು ತೋರಿಸುತ್ತದೆ. ನಿನ್ನೆ ಲಾರಿ ಬಂದು ನಿಂತರೂ ಕೊಯ್ಲಿನವರು ಬಂದಿರಲಿಲ್ಲ. ಹೊಗಳಗೆರೆಯ ತರಬೇತಿಯನ್ನು ‘ಇಡೀ ದಿನ’ ಎಂದು ಹಾಕಿದ್ದೆವು, ಅದು ಎರಡೂ ಕಡೆ ಸರಿಯಾಗಿದೆ. ಹಣ್ಣಿನ ಕಾಲ ಮುಗಿಯುವ ಮೊದಲು ಇದನ್ನು ಸರಿಪಡಿಸಲೇಬೇಕು.

ಉತ್ತರ (ಚಿಂತಾಮಣಿ)

ಫೋನಿನಲ್ಲಿ ಸ್ವಯಂಚಾಲಿತ ಸಮಯವನ್ನು ತೆಗೆದು ಕಾಲವಲಯವನ್ನು ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯಕ್ಕೆ) ಇಟ್ಟರೆ 6:30 ಎಂದೇ ಕಾಣುತ್ತದೆ.

ಉತ್ತರ (ತುಮಕೂರು)

ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಲೆಂಡರ್ ಸರಿಯಾದಂತೆ ಕಂಡರೂ ಫೋನಿನ ಗಡಿಯಾರವೂ ಅಲಾರಂ ಕೂಡ ಐದೂವರೆ ಗಂಟೆ ಹಿಂದೆ ಬೀಳುತ್ತವೆ. ತಪ್ಪು ಇರುವುದು ಫೋನಿನಲ್ಲಿ ಅಲ್ಲ.

6:30ಕ್ಕೂ 12ಕ್ಕೂ ನಡುವೆ ಇರುವುದು ಸರಿಯಾಗಿ 5 ಗಂಟೆ 30 ನಿಮಿಷ. ಭಾರತೀಯ ಕಾಲಮಾನ ಯುಟಿಸಿಗಿಂತ ಮುಂದಿರುವುದೂ ಅಷ್ಟೇ. ಸೋಗೋಗೆ ಯಾರೂ ಹೇಳದಿದ್ದರೆ ಅದು ಯುಟಿಸಿಯನ್ನೇ ಹಿಡಿಯುತ್ತದೆ. ನೀವು ಬರೆದ 6:30 ಯುಟಿಸಿಯ 6:30 ಎಂದು ಉಳಿಯಿತು. ಬ್ರೌಸರ್‌ನ ಪುಟವೂ ಅದೇ ಯುಟಿಸಿಯಲ್ಲಿ ತೋರಿಸುವುದರಿಂದ ಕಚೇರಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಫೋನು ಪ್ರಾಮಾಣಿಕವಾಗಿ ಲೆಕ್ಕ ಮಾಡಿ 12 ಎಂದಿತು. ‘ಇಡೀ ದಿನ’ದ ನಮೂದಿನಲ್ಲಿ ದಿನಾಂಕವಷ್ಟೇ ಇರುತ್ತದೆ, ಗಂಟೆಯೂ ಇಲ್ಲ, ಕಾಲವಲಯವೂ ಇಲ್ಲ. ಅದಕ್ಕೇ ತರಬೇತಿ ಕದಲಲಿಲ್ಲ. ನೀವು ಆ ವಿವರವನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು, ಕಾರಣ ಹಿಡಿಯಲು ಅದೊಂದೇ ಸಾಕಾಯಿತು.

ಮೊದಲು ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ಸೋಗೋ ಸಂರಚನಾ ಕಡತದಲ್ಲಿ ‘ಸೋಗೋಟೈಮ್‌ಝೋನ್’ ಸಾಲಿಗೆ ಏಷ್ಯಾ/ಕೋಲ್ಕತಾ ಎಂದು ಹಾಕಿಸಿ, ಸೇವೆಯನ್ನು ಮರುಚಾಲನೆ ಮಾಡಿಸಿ. ಪಟ್ಟಿಯಲ್ಲಿ ಏಷ್ಯಾ/ಕಲ್ಕತ್ತಾ ಎಂದಿದ್ದರೂ ನಡೆಯುತ್ತದೆ, ಎರಡೂ ಒಂದೇ. ಇಷ್ಟಕ್ಕೇ ನಿಲ್ಲಿಸಬೇಡಿ. ಈಗಾಗಲೇ ತಮ್ಮ ಆಯ್ಕೆಗಳನ್ನು ಒಮ್ಮೆ ಉಳಿಸಿದವರ ಖಾತೆಯಲ್ಲಿ ಹಳೆಯ ಕಾಲವಲಯವೇ ಕೂತಿರಬಹುದು. ಸರ್ವರ್‌ನ ಹೊಸ ಸಾಲು ಅದನ್ನು ಅಳಿಸುವುದಿಲ್ಲ. ಪ್ರತಿಯೊಬ್ಬರೂ ಆಯ್ಕೆಗಳ ಪುಟದ ‘ಜನರಲ್’ ವಿಭಾಗಕ್ಕೆ ಹೋಗಿ ಕಾಲವಲಯವನ್ನು ತಾವೇ ನೋಡಲಿ.

ಆಮೇಲೆ ಗಾಬರಿಯಾಗಬೇಡಿ: ಹಳೆಯ ನಮೂದುಗಳೆಲ್ಲ ಬ್ರೌಸರ್‌ನಲ್ಲೂ 12 ಎಂದು ಕಾಣತೊಡಗುತ್ತವೆ. ಕಾಲವಲಯ ಸರಿಯಾಗಿದೆ ಎಂಬುದಕ್ಕೆ ಅದೇ ಗುರುತು. ಆಗ ಮಾತ್ರ ಅವುಗಳನ್ನು ತೆರೆದು 6:30ಕ್ಕೆ ತಿದ್ದಿ. ವಾರವಾರ ಮರುಕಳಿಸುವ ಸಭೆಯಾದರೆ ಒಂದು ದಿನದ್ದನ್ನಲ್ಲ, ಇಡೀ ಸರಣಿಯನ್ನು ತಿದ್ದಬೇಕು. ಆಹ್ವಾನಿತರಿರುವ ನಮೂದುಗಳನ್ನು ತಿದ್ದಿದಾಗ ಅವರಿಗೆ ಹೊಸ ಮೇಲ್ ಹೋಗಬಹುದು, ಮುಂಚೆಯೇ ತಿಳಿಸಿಬಿಡಿ.

ಎಲ್ಲಾದರೂ ಅನುಮಾನ ಉಳಿದರೆ ಆ ಕ್ಯಾಲೆಂಡರನ್ನು ಐಸಿಎಸ್ (ಕ್ಯಾಲೆಂಡರ್ ನಮೂದುಗಳ ಪಠ್ಯರೂಪ) ಕಡತವಾಗಿ ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಆರಂಭದ ಸಮಯವಿರುವ ‘ಡಿಟಿಸ್ಟಾರ್ಟ್’ ಸಾಲಿನಲ್ಲಿ ಸಮಯದ ಕೊನೆಯಲ್ಲಿ ‘ಝಡ್’ ಅಕ್ಷರವಿದ್ದರೆ ಅದು ಯುಟಿಸಿ ಸಮಯ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಸರ್. ಹೊಸ ನಮೂದು ಎರಡೂ ಕಡೆ 6:30 ಎಂದೇ ಬಂತು. ಲೆಕ್ಕಿಗರ ಖಾತೆಯಲ್ಲಿ ನೀವು ಹೇಳಿದಂತೆ ಯುಟಿಸಿ ಉಳಿದಿತ್ತು, ಬದಲಿಸಿದೆವು. ಇನ್ನೊಂದು ವಿಷಯ. ‘ಸೂಚನಾ ಫಲಕ’ ಎಂಬ ಮೇಲ್ ಫೋಲ್ಡರ್ ಮಾಡಿ ನಿರ್ದೇಶಕರೆಲ್ಲರಿಗೂ ಹಂಚಿಕೆ ಕೊಟ್ಟಿದ್ದೇವೆ. ಯಾರಿಗೂ ಕಾಣುತ್ತಿಲ್ಲ.

ಉತ್ತರ (ತುಮಕೂರು)

ಹಕ್ಕು ಕೊಟ್ಟ ಮಾತ್ರಕ್ಕೆ ಫೋಲ್ಡರ್ ತಾನಾಗಿ ಎಲ್ಲರ ಮುಂದೆ ಬರುವುದಿಲ್ಲ, ನೋಡಬೇಕಾದವರು ತಮ್ಮ ಖಾತೆಯಿಂದ ಅದಕ್ಕೆ ಚಂದಾದಾರರಾಗಬೇಕು. ಚಂದಾ ಪಟ್ಟಿಯಲ್ಲೂ ಇಲ್ಲವೆಂದರೆ ವಿಷಯ ಮೇಲ್ ಸರ್ವರ್‌ನದು. ಅದು ಡವ್‌ಕಾಟ್ ಆಗಿದ್ದರೆ ಹಂಚಿಕೆಯ ಹಕ್ಕುಗಳನ್ನು ನೋಡಿಕೊಳ್ಳುವ ಎಸಿಎಲ್ ಮತ್ತು ಐಮ್ಯಾಪ್-ಎಸಿಎಲ್ ಪ್ಲಗಿನ್‌ಗಳು ಚಾಲೂ ಇರಬೇಕು. ಜೊತೆಗೆ ಯಾರು ಯಾರಿಗೆ ಹಂಚಿದ್ದಾರೆ ಎಂಬುದನ್ನು ಬರೆದಿಡುವ ಹಂಚಿಕೆ ನಿಘಂಟನ್ನೂ ಹೊಂದಿಸಿರಬೇಕು. ಇದನ್ನು ಬಿಟ್ಟಿದ್ದರೆ ಹಕ್ಕಿದ್ದರೂ ಫೋಲ್ಡರ್ ಪಟ್ಟಿಗೆ ಬಾರದು. ಎಲ್ಲರಿಗೂ ಓದುವ ಹಕ್ಕು ಸಾಕು. ಅಳಿಸುವ ಹಕ್ಕನ್ನು ಕಾರ್ಯದರ್ಶಿಯವರೊಬ್ಬರಿಗೇ ಇಡಿ, ಫೋನಿನಿಂದ ಕೈತಪ್ಪಿ ಅಳಿಸಿದರೂ ಸೂಚನೆ ಎಲ್ಲರ ಕಡೆಯಿಂದಲೂ ಅಳಿಸಿಹೋಗುತ್ತದೆ.