ಗ್ಯಾಸ್ ಫೈರ್‌ಪ್ಲೇಸ್‌ನ ರಿಮೋಟ್ ಮತ್ತು ನಮ್ಮ ಮನೆತನದ ಗುಂಪು

ಅಪ್ಪ ಅಮ್ಮ ಈ ಚಳಿಗಾಲವನ್ನು ಕೆನಡಾದ ಒಂಟಾರಿಯೊ ಪ್ರಾಂತದ ಕಿಚನರ್‌ನಲ್ಲಿ, ಅಕ್ಕನ ಮನೆಯಲ್ಲಿ ಕಳೆಯುತ್ತಿದ್ದಾರೆ. ಆ ಮನೆಯ ಹಾಲ್‌ನಲ್ಲಿ ರಿಮೋಟ್‌ನಿಂದ ಹೊತ್ತಿಸುವ ಗ್ಯಾಸ್ ಫೈರ್‌ಪ್ಲೇಸ್, ಅಂದರೆ ಗ್ಯಾಸ್‌ನಿಂದ ಉರಿಯುವ ಅಗ್ಗಿಷ್ಟಿಕೆ ಇದೆ. ಅಕ್ಕ ಭಾವ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಒಂದೂವರೆ ವರ್ಷದ ಮೊಮ್ಮಗಳೊಂದಿಗೆ ಮನೆಯಲ್ಲಿ ಉಳಿಯುವವರು ಅವರಿಬ್ಬರೇ. ಆದ್ದರಿಂದ ಚಿಕ್ಕಪ್ಪ ಎಲ್ಲಿಂದಲೋ ಬಂದ ಸಂದೇಶವೊಂದನ್ನು ನಮ್ಮ ಗುಂಪಿಗೆ ಹಾಕಿದಾಗ ಅದು ಉಳಿದ ಫಾರ್ವರ್ಡ್‌ಗಳಂತೆ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗಲಿಲ್ಲ. ಅರ್ಧ ವಾಕ್ಯ ಬರೆಯಬಾರದು, ಧ್ವನಿ ಸಂದೇಶ ಕಳಿಸಬಾರದು ಎಂಬುದು ಗುಂಪಿನಲ್ಲಿ ದೊಡ್ಡಪ್ಪನ ಕಟ್ಟಳೆ. ಹಾಗಾಗಿ ನಮ್ಮಲ್ಲಿ ಜಗಳವೂ ಅರ್ಜಿಯ ಭಾಷೆಯಲ್ಲೇ ನಡೆಯುತ್ತದೆ. ನನ್ನ ಫೋನಿನಲ್ಲಿ ಯಾರನ್ನು ಏನೆಂದು ಉಳಿಸಿಕೊಂಡಿದ್ದೇನೋ ಅದನ್ನೇ ಇಲ್ಲಿ ಹೆಸರಿನ ಜಾಗದಲ್ಲಿ ಇಟ್ಟಿದ್ದೇನೆ.

ಚಿಕ್ಕಪ್ಪ: “ವಿದೇಶದಲ್ಲಿರುವ ಹಿರಿಯರ ಗಮನಕ್ಕೆ. ಗ್ಯಾಸ್ ಫೈರ್‌ಪ್ಲೇಸ್‌ಗೆ ರಿಮೋಟ್ ಇದ್ದರೆ ಯಾವ ಭಯವೂ ಬೇಡ. ಬೆಂಕಿ ಹೊತ್ತದಿದ್ದರೆ ಹೊತ್ತುವವರೆಗೆ ಗುಂಡಿಯನ್ನು ಒತ್ತುತ್ತಲೇ ಇರಿ. ಥರ್ಮೋಸ್ಟಾಟ್‌ನಲ್ಲಿಟ್ಟು ರಾತ್ರಿಯಿಡೀ ನಿಶ್ಚಿಂತೆಯಿಂದ ಮಲಗಿ. ರಿಮೋಟ್‌ನ ಬ್ಯಾಟರಿ ಮುಗಿದರೆ ಬೆಂಕಿ ತಾನಾಗಿಯೇ ಆರುತ್ತದೆ. ಗ್ಯಾಸ್ ಸೋರಿದರೆ ನೆಲದ ಮೇಲೆ ಕೂರುತ್ತದೆ. ಬಾಗಿಲು ತೆರೆದು ಪೊರಕೆಯಿಂದ ಹೊರಗೆ ಗುಡಿಸಿ. ಎಲ್ಲರಿಗೂ ಹಂಚಿ.” ಅತ್ತಿಗೆ ಮತ್ತು ಅಣ್ಣ ಇದನ್ನು ಓದಿಕೊಂಡರೆ ಒಳ್ಳೆಯದೆಂದು ಹಾಕಿದ್ದೇನೆ.

ದೊಡ್ಡಪ್ಪ: ಇದನ್ನು ಬರೆದವನು ಉರಿಯುವ ಯಂತ್ರದ ಹತ್ತಿರ ಒಂದು ದಿನವೂ ನಿಂತವನಲ್ಲ. ‘ಹೊತ್ತುವವರೆಗೆ ಒತ್ತುತ್ತಲೇ ಇರಿ’ ಎಂಬ ಒಂದೇ ಮಾತು ಸಾಕು. ಕಾರ್ಖಾನೆಯ ಎಣ್ಣೆ ಬಾಯ್ಲರ್‌ನಲ್ಲಿ ಒಮ್ಮೆ ಜ್ವಾಲೆ ಹಿಡಿಯದಿದ್ದರೆ, ಒಳಗೆ ಉಳಿದಿರಬಹುದಾದ ಇಂಧನದ ಆವಿಯನ್ನು ಗಾಳಿ ಹಾಯಿಸಿ ಪೂರ್ತಿ ಹೊರಹಾಕುವ ತನಕ ಎರಡನೆಯ ಸಲ ಹೊತ್ತಿಸಲು ನಮಗೆ ಅನುಮತಿಯೇ ಇರಲಿಲ್ಲ. ಅಳಿಯಂದಿರ ಮನೆಯ ಅಗ್ಗಿಷ್ಟಿಕೆ ಚಿಕ್ಕದಿರಬಹುದು, ಆದರೆ ಅದರ ಮುಂದೆ ಗಾಜು ಇದೆ, ಗಾಜಿನ ಮುಂದೆ ಮಗು ಇದೆ. ರಿಮೋಟನ್ನು ತೆಗೆದುಹಾಕಿ, ದೊಡ್ಡವರ ಕೈಗೆ ಮಾತ್ರ ಎಟುಕುವಂತೆ ಗೋಡೆಯ ಮೇಲೊಂದು ಸ್ವಿಚ್ ಹಾಕಿಸುವುದು ಮೇಲು.

ಭಾವ: ದೊಡ್ಡಪ್ಪ, ಸಂದೇಶ ತಪ್ಪೆಂಬುದನ್ನು ಒಪ್ಪುತ್ತೇನೆ, ರಿಮೋಟ್ ತಪ್ಪೆಂಬುದನ್ನು ಒಪ್ಪುವುದಿಲ್ಲ. ನಮ್ಮದು ಪೈಲಟ್ ಜ್ವಾಲೆ ಸದಾ ಉರಿಯುತ್ತಿರುವ ಮಾದರಿ. ಆ ಪುಟ್ಟ ಜ್ವಾಲೆಯ ಕಾವಿನಿಂದ ಥರ್ಮೋಪೈಲ್ ಎಂಬ ಕಡ್ಡಿಯಲ್ಲಿ ಸುಮಾರು ಅರ್ಧ ವೋಲ್ಟ್ ವಿದ್ಯುತ್ ಹುಟ್ಟುತ್ತದೆ, ಮುಖ್ಯ ವಾಲ್ವ್ ತೆರೆಯುವುದು ಅದರಿಂದಲೇ. ಪೈಲಟ್ ಆರಿದ್ದರೆ ರಿಮೋಟನ್ನು ನೂರು ಸಲ ಒತ್ತಿದರೂ ಬರ್ನರ್‌ಗೆ ಗ್ಯಾಸ್ ಬರುವುದಿಲ್ಲ. ರಿಮೋಟ್ ಮತ್ತು ಅದರ ಸಂಕೇತವನ್ನು ಹಿಡಿಯುವ, ಫೈರ್‌ಪ್ಲೇಸ್‌ನ ಕೆಳಗಿರುವ ರಿಸೀವರ್ ಎರಡೂ ಸೇರಿ ಆ ಅರ್ಧ ವೋಲ್ಟಿನ ದಾರಿಯಲ್ಲಿರುವ ಒಂದು ಸ್ವಿಚ್ ಅಷ್ಟೆ. ನೀವು ಗೋಡೆಗೆ ಹಾಕಿಸಿ ಎನ್ನುತ್ತಿರುವುದೂ ಅದೇ ದಾರಿಯ ಮೇಲಿನ ಇನ್ನೊಂದು ಸ್ವಿಚ್. ಮಂಡಿನೋವಿರುವ ಮಾವನವರು ಬಿಸಿ ಗಾಜಿನ ಹತ್ತಿರ ಬಗ್ಗಬೇಕಾಗಿಲ್ಲ ಎಂಬ ಅನುಕೂಲವನ್ನೂ ಎಣಿಸಿಕೊಳ್ಳಿ.

ದೊಡ್ಡಪ್ಪ: ಪೈಲಟ್ ಆರಿದ್ದರೆ ಎಂದಿರಿ. ಪೈಲಟ್ ಉರಿಯುತ್ತಿದ್ದೂ ಅದರ ಜ್ವಾಲೆ ಬರ್ನರ್‌ನ ಮೊದಲ ರಂಧ್ರಕ್ಕೆ ತಲುಪದಿದ್ದರೆ? ರಂಧ್ರಗಳಲ್ಲಿ ಧೂಳು ಕಟ್ಟಿರುತ್ತದೆ, ಇಲ್ಲವೇ ಸೌದೆಯಂತೆ ಕಾಣುವ ಆ ಸೆರಾಮಿಕ್ ತುಂಡುಗಳನ್ನು ಯಾರೋ ಒರೆಸಿ ತಪ್ಪು ಜಾಗದಲ್ಲಿ ಇಟ್ಟಿರುತ್ತಾರೆ. ಆಗ ವಾಲ್ವ್ ತೆರೆದಿರುತ್ತದೆ, ಗ್ಯಾಸ್ ಗಾಜಿನ ಹಿಂದೆ ತುಂಬುತ್ತಿರುತ್ತದೆ, ತಡವಾಗಿ ಒಮ್ಮೆಗೇ ಭುಗ್ಗೆಂದು ಹೊತ್ತುತ್ತದೆ. ಇದು ಆಗುವುದಿಲ್ಲವೆಂದು ಹೇಳಿ ನೋಡೋಣ.

ಭಾವ: ಆಗಬಹುದು. ಪೈಲಟ್ ಆರಿದಾಗ ಗ್ಯಾಸ್ ಮುಚ್ಚಿ, 5 ನಿಮಿಷ ಕಾದು, ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಮತ್ತೆ ಹೊತ್ತಿಸಬೇಕೆಂದು ಕೆಳಗಿನ ತಗಡಿನ ಮೇಲೆಯೇ ಬರೆದಿದೆ. ನೀವು ಹೇಳಿದ ಸಂದರ್ಭದಲ್ಲಂತೂ ಆರಿಸಿ ತಂತ್ರಜ್ಞರನ್ನು ಕರೆಯುವುದೊಂದೇ ದಾರಿ.

ಈ ಸುತ್ತಿನಲ್ಲಿ ಇಬ್ಬರೂ ಸರಿಯೆಂದೇ ನನ್ನ ಎಣಿಕೆ. ಆದರೆ ಇಬ್ಬರೂ ಯಂತ್ರದ ಒಳಗಡೆಯೇ ಸುತ್ತುತ್ತಿದ್ದರು. ರಿಮೋಟ್ ಹಿಡಿದವರ ಮಾತು ಬಂದದ್ದು ಆಮೇಲೆ. (ಅಮ್ಮ ‘ಭಾವನವರೇ’ ಎಂದು ಕರೆಯುವುದು ದೊಡ್ಡಪ್ಪನನ್ನು.)

ಅಮ್ಮ: ಭಾವನವರೇ, ನನ್ನದೊಂದು ಪ್ರಶ್ನೆ ಇದೆ. ನಾನು ರಿಮೋಟನ್ನು ಶಾಲಿನೊಳಗೆ ಇಟ್ಟುಕೊಂಡು ಸೋಫಾದಲ್ಲಿ ಕುಳಿತರೆ ಬೆಂಕಿ ಹೊತ್ತುವುದೇ ಇಲ್ಲ. ಇವರು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮಲಗಿದ ದಿನ ಮಧ್ಯಾಹ್ನವೆಲ್ಲ ಉರಿದು, ಮಗು ಬೆವತು ಎದ್ದಿತು. ಯಂತ್ರ ಕೆಟ್ಟಿದೆಯೇ?

ಅಕ್ಕ: ಯಂತ್ರ ಕೆಟ್ಟಿಲ್ಲ ಅಮ್ಮ. ಕೋಣೆಯ ಬಿಸಿ ನೋಡಿ ಬೆಂಕಿಯನ್ನು ಹೊತ್ತಿಸಿ ಆರಿಸುವ ಥರ್ಮೋಸ್ಟಾಟ್ ಇರುವುದು ರಿಮೋಟ್‌ನ ಒಳಗೇ. ಕೋಣೆ ಎಷ್ಟು ಬೆಚ್ಚಗಿದೆಯೆಂದು ಅದು ತಿಳಿಯುವುದು ತಾನಿರುವ ಜಾಗದ ಗಾಳಿಯಿಂದ. ನಿನ್ನ ಶಾಲಿನೊಳಗೆ ಅದಕ್ಕೆ ಬೇಸಿಗೆ, ಅಪ್ಪನ ಕಿಟಕಿಯಲ್ಲಿ ಜನವರಿ. 22 ಡಿಗ್ರಿಗೆ ಹೊಂದಿಸಿ ತಣ್ಣನೆಯ ಗಾಜಿನ ಪಕ್ಕ ಇಟ್ಟರೆ ಅದರ ಲೆಕ್ಕದಲ್ಲಿ 22 ಬರುವುದೇ ಇಲ್ಲ, ಬೆಂಕಿ ಆರುವುದೂ ಇಲ್ಲ.

ದೊಡ್ಡಪ್ಪ: ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ಅಳತೆಯ ಉಪಕರಣವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ವ್ಯವಸ್ಥೆಯನ್ನು ನಾನು ಯಾವ ಕಾರ್ಖಾನೆಯಲ್ಲಿಯೂ ಕಂಡಿಲ್ಲ. ದಿಂಬಿನ ಕೆಳಗೆ ಸಿಕ್ಕಿದರೂ ಬೆಂಕಿಯ ಯಜಮಾನಿಕೆ ಅದರದ್ದೇ.

ಭಾವ: ಅದಕ್ಕೆ ಪರಿಹಾರ ರಿಮೋಟನ್ನು ಬಿಸಾಡುವುದಲ್ಲ, ಅದಕ್ಕೊಂದು ಜಾಗ ಗೊತ್ತುಮಾಡುವುದು. ಬೆಂಕಿಯಿಂದಲೂ ಕಿಟಕಿಯಿಂದಲೂ ದೂರವಾದ, ಮಗುವಿಗೆ ಎಟುಕದ ಒಳಗೋಡೆಯ ಗೂಡಿನಲ್ಲಿ ಇಡೋಣ. ಅಲ್ಲದೆ ಗುಂಡಿಗಳನ್ನು ನಿಷ್ಕ್ರಿಯಗೊಳಿಸುವ ಮಕ್ಕಳ ಬೀಗವೂ ಅದರಲ್ಲಿದೆ. ಗೋಡೆಯ ಸ್ವಿಚ್‌ಗೆ ಅಂಥ ಬೀಗವಿಲ್ಲ. ಇದು ರೇಡಿಯೊ ತರಂಗದಿಂದ ಕೆಲಸ ಮಾಡುವುದರಿಂದ ಟಿವಿ ರಿಮೋಟ್‌ನಂತೆ ಎದುರಿಗೆ ಹಿಡಿಯಬೇಕಾಗಿಲ್ಲ. ಅಂದರೆ ಪಕ್ಕದ ಕೋಣೆಯಲ್ಲಿ ಮಗು ಒತ್ತಿದರೂ ಇಲ್ಲಿ ಬೆಂಕಿ ಹೊತ್ತಬಹುದು, ಹಾಗಾಗಿ ಬೀಗವನ್ನು ನಾವು ಬಳಸಲೇಬೇಕು.

ಅಪ್ಪ: ಅಣ್ಣ, ಕಿಟಕಿಯ ಕಟ್ಟೆಯ ವಿಷಯ ನನಗೆ ತಿಳಿದಿರಲಿಲ್ಲ. ಆದರೆ ರಾತ್ರಿ ಹಾಕಿಕೊಂಡು ಮಲಗಿದರೆ ತಪ್ಪೇನು? ಈ ಮಾದರಿಯಲ್ಲಿ ಹೊರಗಿನ ಗಾಳಿಯೇ ಬರುತ್ತದೆಂದು ಅಳಿಯಂದಿರು ಹೇಳಿದ್ದರು.

ಭಾವ: ಹೌದು ಮಾವ. ಒಂದರೊಳಗೊಂದು ಇರುವ ಎರಡು ಕೊಳವೆಗಳು ಗೋಡೆಯಿಂದ ಹೊರಗೆ ಹೋಗಿವೆ. ಹೊರಗಿನ ಕೊಳವೆಯಿಂದ ಗಾಳಿ ಒಳಬರುತ್ತದೆ, ಒಳಗಿನದರಿಂದ ಹೊಗೆ ಹೊರಹೋಗುತ್ತದೆ, ಮುಂದಿನ ಗಾಜು ಮುದ್ರೆ ಹಾಕಿದಂತೆ ಮುಚ್ಚಿರುತ್ತದೆ. ಬೆಂಕಿ ಕೋಣೆಯ ಗಾಳಿಯನ್ನು ತಿನ್ನುವುದಿಲ್ಲ. ಹೊಗೆ ಕೊಳವೆಯೇ ಇಲ್ಲದ ಮಾದರಿಗಳೂ ಅಮೆರಿಕದ ಹಲವು ರಾಜ್ಯಗಳಲ್ಲಿ ಇವೆ, ಕ್ಯಾಲಿಫೋರ್ನಿಯಾ ಅವುಗಳನ್ನು ನಿಷೇಧಿಸಿದೆ. ನಮ್ಮದು ಆ ಜಾತಿಯದಲ್ಲ.

ದೊಡ್ಡಪ್ಪ: ಕೊಳವೆಯ ಬಾಯಿಗೆ ಹಿಮ ಮುಚ್ಚಿಕೊಂಡರೆ ಅದು ಯಾವ ಜಾತಿಯದಾಗುತ್ತದೆ?

ಇದಕ್ಕೆ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಬಂದದ್ದು ಅಕ್ಕನಿಂದ.

ಅಕ್ಕ: ದೊಡ್ಡಪ್ಪ, ಇಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ ವುಡ್‌ಸ್ಟಾಕ್ ಎಂಬ ಊರಿದೆ. 2008ರ ಡಿಸೆಂಬರ್‌ನಲ್ಲಿ ಅಲ್ಲಿನ ಒಂದು ಮನೆಯಲ್ಲಿ ಗ್ಯಾಸ್ ಫೈರ್‌ಪ್ಲೇಸ್‌ನ ಹೊಗೆದಾರಿ ಕಟ್ಟಿಕೊಂಡು, ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬಿ, ತಂದೆ ತಾಯಿ ಇಬ್ಬರು ಮಕ್ಕಳು ನಾಲ್ವರೂ ತೀರಿಕೊಂಡರು. ತಾಯಿ ಪೊಲೀಸ್ ಅಧಿಕಾರಿಯಾಗಿದ್ದರು. ಆ ಮನೆಯಲ್ಲಿ ಎಚ್ಚರಿಕೆಯ ಅಲಾರಂ ಇರಲಿಲ್ಲ. ಇಂಧನ ಉರಿಯುವ ಉಪಕರಣವಿರುವ ಮನೆಗಳಲ್ಲಿ, ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕೆಂಬ ಒಂಟಾರಿಯೊದ 2013ರ ಕಾಯ್ದೆಗೆ ಆ ಕುಟುಂಬದ ಹೆಸರನ್ನೇ ಇಟ್ಟಿದ್ದಾರೆ, ಹಾಕಿನ್ಸ್ ಗಿನ್ಯಾಕ್ ಕಾಯ್ದೆ ಎಂದು. ನಮ್ಮ ಮೇಲಿನ ಮಹಡಿಯಲ್ಲಿ ಅಲಾರಂ ಇದೆ. ಅಪ್ಪ ಅಮ್ಮ ಮಲಗುವ ಬೇಸ್‌ಮೆಂಟ್ ಕೋಣೆಯ ಹೊರಗೆ ಇಲ್ಲ, ಇಂದು ಸಂಜೆ ತರುತ್ತೇನೆ. ಇವರು ಹಿಮ ಬಿದ್ದ ಮೇಲೆ ಕಾರಿನ ದಾರಿಯನ್ನು ಮಾತ್ರ ತೋಡುತ್ತಾರೆ. ಇನ್ನು ಮುಂದೆ ಕೊಳವೆಯ ಬಾಯಿಯನ್ನೂ ತೋಡಲಿ.

ಅಮ್ಮ: ಗ್ಯಾಸ್ ಎಂದರೆ ಗಬ್ಬು ವಾಸನೆ ಬಂದೇ ಬರುತ್ತದಲ್ಲ, ನಮ್ಮ ಮನೆಯ ಸಿಲಿಂಡರ್‌ನಂತೆ?

ದೊಡ್ಡಪ್ಪ: ಇಲ್ಲಿ ಎರಡು ವಿಷಯಗಳು ಕಲಸಿಹೋಗುತ್ತಿವೆ ತಂಗಿ. ಉರಿಯದೆ ಸೋರುವ ಗ್ಯಾಸ್‌ಗೆ ವಾಸನೆ ಇರುತ್ತದೆ, ಅದನ್ನು ಬೇಕೆಂದೇ ಬೆರೆಸಿರುತ್ತಾರೆ. ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ಓಕರಿಕೆ, ಸುಸ್ತು ಬಂದಾಗ ಜ್ವರವೆಂದುಕೊಂಡು ಮಲಗಿಬಿಡುವ ಅಪಾಯವಿದೆ. ಅದಕ್ಕೆ ಅಲಾರಂ ಒಂದೇ ಗತಿ. ಇನ್ನು ಪೊರಕೆಯ ಮಾತು. ನಮ್ಮ ಸಿಲಿಂಡರ್‌ನ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡುವುದು ನಿಜ. ಅಲ್ಲಿ ಕೊಳವೆಯಲ್ಲಿ ಬರುವುದು ನೈಸರ್ಗಿಕ ಅನಿಲ, ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಗುಡಿಸುತ್ತಾ ನಿಲ್ಲುವ ಹೊತ್ತು ಅದಲ್ಲ.

ಭಾವ: ದೊಡ್ಡಪ್ಪನ ಮಾತಿಗೆ ಒಂದನ್ನು ಸೇರಿಸುತ್ತೇನೆ. ವಾಸನೆ ಬಂದರೆ ರಿಮೋಟ್‌ನಲ್ಲಿ ಆರಿಸುವ ಗುಂಡಿಯನ್ನೂ ಒತ್ತಬೇಡಿ. ಆರಿಸುವುದು ಒಳ್ಳೆಯದೇ ಅಲ್ಲವೇ ಎನಿಸುವುದು ಸಹಜ, ಆದರೆ ರಿಸೀವರ್‌ನ ಒಳಗೆ ಸ್ವಿಚ್ ಚಲಿಸುವುದು ಗ್ಯಾಸ್ ವಾಲ್ವ್‌ನ ಪಕ್ಕದಲ್ಲೇ. ದೀಪದ ಸ್ವಿಚ್ಚೂ ಬೇಡ, ಮನೆಯೊಳಗಿಂದ ಫೋನೂ ಬೇಡ. ಮಗುವನ್ನು ಎತ್ತಿಕೊಂಡು ಎದುರು ಮನೆಗೆ ಹೋಗಿ ಅಲ್ಲಿಂದ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಸ್ವೆಟರ್ ಹುಡುಕುತ್ತಾ ನಿಲ್ಲಬೇಡಿ.

ಚಿಕ್ಕಪ್ಪ: ಹಾಗಾದರೆ ಸಂದೇಶದಲ್ಲಿ ಸರಿಯಾದದ್ದು ಏನೂ ಇಲ್ಲವೇ? ಬ್ಯಾಟರಿ ಮುಗಿದರೆ ಆರುತ್ತದೆ ಎಂಬುದಾದರೂ ನಿಜವಿರಬೇಕು, ಅಷ್ಟು ಮುಂದುವರಿದ ದೇಶ ಅದು.

ಭಾವ: ಕೆಲವು ಮಾದರಿಗಳಲ್ಲಿ ನಿಜ ಚಿಕ್ಕಪ್ಪ. ರಿಮೋಟ್ ಆಗಾಗ ಒಂದು ಸಂಕೇತ ಕಳಿಸುತ್ತಿರುತ್ತದೆ, ಸುಮಾರು 2 ಗಂಟೆ ಅದು ಕೇಳಿಸದಿದ್ದರೆ ರಿಸೀವರ್ ತಾನೇ ಬೆಂಕಿಯನ್ನು ಆರಿಸುತ್ತದೆ. ನಮ್ಮದರ ಕೈಪಿಡಿಯಲ್ಲಿ ಅಂಥ ಮಾತು ನನಗೆ ಸಿಗಲಿಲ್ಲ. ನಾಳೆ ಶನಿವಾರ, ಮನೆಯಲ್ಲೇ ಇರುತ್ತೇನೆ, ಪರೀಕ್ಷಿಸಿ ಹೇಳುತ್ತೇನೆ.

ಸೋದರತ್ತೆ: ಇಷ್ಟೆಲ್ಲ ಬರೆದಿರಿ, ಗಾಜಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಹೋದ ವರ್ಷ ಅಲ್ಲಿಗೆ ಬಂದಿದ್ದಾಗ ಬೆಂಕಿ ಆರಿಸಿದ ಮೇಲೂ ಹತ್ತಿರ ಹೋಗಲಾಗುತ್ತಿರಲಿಲ್ಲ. ಮಗು ಈಗ ಎಲ್ಲವನ್ನೂ ಹಿಡಿದು ನಿಲ್ಲುವ ವಯಸ್ಸಿನದು.

ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಸಂದೇಶ ಇದು. ರಿಮೋಟ್ ಸರಿಯಾಗಿ ಕೆಲಸ ಮಾಡಿದಾಗಲೂ, ಯಾರೂ ಯಾವ ತಪ್ಪನ್ನೂ ಮಾಡದಿದ್ದಾಗಲೂ ಗಾಜು ಸುಡುತ್ತದೆ. ರಿಮೋಟ್ ಇರುವುದರಿಂದಲೇ ದೊಡ್ಡವರು ದೂರದ ಸೋಫಾದಲ್ಲಿ ಕುಳಿತು ಬೆಂಕಿ ಹೊತ್ತಿಸುತ್ತಾರೆ, ಆ ಗಳಿಗೆಯಲ್ಲಿ ಗಾಜಿನ ಮುಂದೆ ಯಾರಿದ್ದಾರೆಂದು ನೋಡುವ ಅಗತ್ಯವೇ ಅವರಿಗೆ ಬೀಳುವುದಿಲ್ಲ.

ಅಕ್ಕ: ಅತ್ತೆ ಹೇಳಿದ್ದು ಸರಿ. ಉರಿಯುವಾಗ ಗಾಜಿನ ಬಿಸಿ 260 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆರಿಸಿದ ಮೇಲೆ ಮುಟ್ಟುವಷ್ಟು ತಣ್ಣಗಾಗಲು ಮುಕ್ಕಾಲು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಜ್ವಾಲೆ ಇಲ್ಲದ ಗಾಜು ಮಗುವಿನ ಕಣ್ಣಿಗೆ ಬರೀ ಗಾಜು. 2015ರ ಜನವರಿಯಿಂದೀಚೆಗೆ ತಯಾರಾದವುಗಳಿಗೆ ಗಾಜಿನ ಮುಂದೆ ರಕ್ಷಣಾ ಜಾಲರಿ ಸೇರಿಯೇ ಬರುತ್ತದೆ. ನಮ್ಮದು ಅದಕ್ಕಿಂತ ಹಳೆಯದು. ಜಾಲರಿ ಹಾಕಿಸೋಣವೆಂದು ನಾನು ಹೇಳಿದಾಗ ಜ್ವಾಲೆಯ ಅಂದ ಕೆಡುತ್ತದೆ ಎಂದವರು ಯಾರೆಂದು ಇಲ್ಲಿ ಬರೆಯುವುದಿಲ್ಲ.

ಭಾವ: ಜಾಲರಿ ಈಗ ತರಿಸಿದ್ದೇನೆ, ಬುಧವಾರ ಬರುತ್ತದೆ. ಅಲ್ಲಿಯವರೆಗೆ ಮಗು ಎದ್ದಿರುವಾಗ ಫೈರ್‌ಪ್ಲೇಸ್ ಹಚ್ಚುವುದಿಲ್ಲ, ಇಡೀ ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಇದ್ದೇ ಇದೆ. ಅತ್ತೆಯವರು ಮಾತ್ರ ದಯವಿಟ್ಟು ಆ ಜಾಲರಿಯ ಮೇಲೆ ಮಗುವಿನ ಬಟ್ಟೆ ಒಣಹಾಕಬಾರದು.

ಅಮ್ಮ: ಒಣಹಾಕುವುದಿಲ್ಲ.

ದೊಡ್ಡಪ್ಪ: ರಾತ್ರಿಯ ವಿಷಯ ಇತ್ಯರ್ಥವಾಗಲಿಲ್ಲ.

ಅಕ್ಕ: ರಾತ್ರಿ ಆರಿಸಿಯೇ ಮಲಗುವುದು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಫರ್ನೇಸ್‌ನ ಥರ್ಮೋಸ್ಟಾಟ್ ಅದೇ ಹಾಲ್‌ನ ಗೋಡೆಯಲ್ಲಿರುವುದರಿಂದ, ಫೈರ್‌ಪ್ಲೇಸ್ ಉರಿದರೆ ಇಡೀ ಮನೆ ಬೆಚ್ಚಗಿದೆಯೆಂದು ತಿಳಿದು ಫರ್ನೇಸ್ ನಿಂತುಬಿಡುತ್ತದೆ. ಹಾಲ್ ಕಾದಿರುತ್ತದೆ, ಮಹಡಿಯ ಮೇಲೆ ನಾವು ನಡುಗುತ್ತೇವೆ, ಬೇಸ್‌ಮೆಂಟ್‌ನಲ್ಲಿ ಅಪ್ಪ ಅಮ್ಮ ನಡುಗುತ್ತಾರೆ.

ಮರುದಿನ ಸಂಜೆ ಭಾವನ ವರದಿ ಬಂತು.

ಭಾವ: ಥರ್ಮೋಸ್ಟಾಟ್ ಇಲ್ಲದ ಸಾದಾ ಸ್ಥಿತಿಯಲ್ಲಿ ಬೆಂಕಿ ಹೊತ್ತಿಸಿ, ರಿಮೋಟ್‌ನ ಬ್ಯಾಟರಿಗಳನ್ನು ತೆಗೆದು, ಎದುರಿಗೇ ಕುಳಿತು ಕಾದೆ. ಎರಡೂವರೆ ಗಂಟೆಯಾದರೂ ಬೆಂಕಿ ಆರಲಿಲ್ಲ. ಕೊನೆಗೆ ಕೆಳಗಿನ ಬಾಗಿಲು ತೆರೆದು ರಿಸೀವರ್‌ನ ಸರಿಸುವ ಗುಂಡಿಯನ್ನು ‘ರಿಮೋಟ್’ನಿಂದ ‘ಆಫ್’ಗೆ ತಂದಾಗ ಆರಿತು. ಮಾವನವರಿಂದಲೂ ಅತ್ತೆಯವರಿಂದಲೂ ಆ ಗುಂಡಿಯನ್ನು ಒಮ್ಮೊಮ್ಮೆ ಸರಿಸಿಸಿದ್ದೇನೆ, ಗ್ಯಾಸ್‌ನ ಮುಖ್ಯ ತಿರುಪು ಎಲ್ಲಿದೆಯೆಂದೂ ತೋರಿಸಿದ್ದೇನೆ. ಪರವಾನಗಿ ಇರುವ ತಂತ್ರಜ್ಞರು ಶುಕ್ರವಾರ ವಾರ್ಷಿಕ ತಪಾಸಣೆಗೆ ಬರುತ್ತಾರೆ.

ದೊಡ್ಡಪ್ಪ: ರಿಮೋಟ್‌ನ ಬ್ಯಾಟರಿಯ ಪರೀಕ್ಷೆ ಆಯಿತು. ಬೆಂಕಿ ಉರಿಯುತ್ತಿರುವಾಗ ರಿಸೀವರ್‌ನ ಬ್ಯಾಟರಿ ಮುಗಿದರೆ ಏನಾಗುತ್ತದೆಂದು ಶುಕ್ರವಾರ ಅವರನ್ನೇ ಕೇಳಿ. ಬಿಸಿಯಾಗಿರುವಾಗ ನೀವು ಕೈಹಾಕಬೇಡಿ. ಗೋಡೆಯ ಸ್ವಿಚ್‌ಗೆ ಎಷ್ಟು ಖರ್ಚೆಂಬುದನ್ನೂ ಕೇಳಿ.

ಚಿಕ್ಕಪ್ಪ: ಅಣ್ಣ, ನನಗೆ ಈ ಸಂದೇಶ ಬಂದ ಗುಂಪಿಗೆ ಅಳಿಯಂದಿರ ವರದಿಯನ್ನೇ ಕಳಿಸಲೇ?

ದೊಡ್ಡಪ್ಪ: ಕಳಿಸು. ಆದರೆ ಎಲ್ಲ ಮಾದರಿಗಳೂ ಹೀಗೆಯೇ ಎಂದು ನಿನ್ನ ಕಡೆಯಿಂದ ಸೇರಿಸಬೇಡ. ಅವರವರ ಮನೆಯದರ ಕೈಪಿಡಿಯನ್ನು ಅವರವರೇ ಓದಿಕೊಳ್ಳಲಿ ಎಂದು ಬರೆ. ‘ಎಲ್ಲರಿಗೂ ಹಂಚಿ’ ಎಂಬುದನ್ನು ಅಳಿಸು.